ಎಡಗಡೆಯ ಮುಂದಿನ ಚಕ್ರ

ಬೋರಲಿಂಗ ಸಡಿಲಿಸಲು ಶುರುಮಾಡಿದ್ದಾನೆ ಎಂಬ ಸುದ್ದಿಯನ್ನು ನನಗೆ ಹೇಳಿದವಳು ನನ್ನ ಹೆಂಡತಿ ಚೆನ್ನಾಜಿ. ಹುರುಳಿಕಾಳು ಆರಿಸುತ್ತ, ನನ್ನ ಮುಖ ನೋಡದೆ, ಮೊರದೊಳಗಿನ ಕಲ್ಲಿಗೆ ಹೇಳುವವಳ ಹಾಗೆ ಹೇಳಿದಳು. "ಶುರುಮಾಡ್ಲಿ, ಅದಕ್ಕೆ ನಾನೇನು ತಮಟೆ ಬಾರಿಸ್ಬೇಕಾ?" ಎಂದೆ. ಆ ದಿನ ನಾನು ಒಂದೇ ಬಾಗಿಲಿಗೆ ಒಂದೇ ಕಡೆ ಮೂರು ಸಲ ಬಣ್ಣ ಬಳಿದಿದ್ದೆ ಎಂಬುದು ಸಂಜೆ ಮನೆಯವರು ಬಂದು ನೋಡಿ ನಕ್ಕಾಗಲೇ ಗೊತ್ತಾದದ್ದು.

ನಮ್ಮೂರಿನ ತಿರುಪಿನ ವಿಷಯ ಹೊರಗಿನವರಿಗೆ ಹೇಳಿ ಹೇಳಿ ನನಗೆ ಸಾಕಾಗಿದೆ, ಆದ್ದರಿಂದ ಒಂದೇ ಸಲ ಹೇಳಿ ಮುಗಿಸುತ್ತೇನೆ. ಇಲ್ಲಿ ಬಿಗಿದ ಕೈಯೇ ಬಿಚ್ಚಬೇಕು. ನಟ್ಟಾಗಲಿ, ಬೋಲ್ಟಾಗಲಿ, ಬಾಟಲಿಯ ಮುಚ್ಚಳವಾಗಲಿ, ನೀವು ಬಿಗಿದದ್ದನ್ನು ನಾನು ತಿಪ್ಪರಲಾಗ ಹಾಕಿದರೂ ಬಿಚ್ಚಲಾರೆ. ಗರಗಸದಿಂದ ಕೊಯ್ಯಬಹುದು, ಆಮೇಲೆ ಆ ಸಾಮಾನು ಗುಜರಿಗೆ. ಬೇರೆ ಊರಲ್ಲಿ ಬಿಗಿದು ತಂದದ್ದು ಯಾರ ಕೈಗಾದರೂ ಬರುತ್ತದೆ. ಇಲ್ಲಿ ಬಿಗಿದದ್ದಕ್ಕೆ ಮಾತ್ರ ಈ ಹಟ. ಅದಕ್ಕೇ ನಮ್ಮ ಉಪ್ಪಿನಕಾಯಿ ಜಾಡಿಗಳಿಗೆಲ್ಲ ಬಟ್ಟೆ ಕಟ್ಟಿರುತ್ತದೆ, ನಲ್ಲಿಗಳಿಗೆ ಬೂಚು ಹಾಕಿರುತ್ತದೆ. ಹೊಸ ಸೊಸೆ ಬಂದ ದಿನ ಮಾತ್ರ ತುಪ್ಪದ ಡಬ್ಬಿಯ ಮುಚ್ಚಳವನ್ನು ಅವಳ ಕೈಯಲ್ಲೇ ಬಿಗಿಸುತ್ತಾರೆ. ಅವಳು ಮುನಿಸಿಕೊಂಡು ತವರಿಗೆ ಹೋದಳೋ, ಮನೆಮಂದಿಗೆ ತುಪ್ಪ ಇಲ್ಲ. ಚೆನ್ನಾಜಿ ಮದುವೆಯಾದ ವರ್ಷ ಎರಡು ತಿಂಗಳು ನಮ್ಮಪ್ಪ ಬರೀ ಅನ್ನ ಸಾರು ಉಂಡು, ಕೊನೆಗೆ ತಾನೇ ಹೋಗಿ ಅವಳನ್ನು ಕರೆತಂದ.

ಬಿಗಿದದ್ದು ತಾನಾಗಿ ಸಡಿಲವಾಗುವುದೂ ಇಲ್ಲ. ಒಮ್ಮೆ ಹೊರಗಿನ ಊರಿಂದ ಒಬ್ಬ ಸ್ಪ್ರಿಂಗ್ ವಾಷರುಗಳನ್ನು ಮಾರಲು ಬಂದಿದ್ದ. ಗಾಡಿ ಅದುರಿದಾಗ ನಟ್ಟು ಸಡಿಲವಾಗದಂತೆ ಹಿಡಿದುಕೊಳ್ಳುತ್ತದೆ ಎಂದು ಅವನು ಹೇಳಿದ್ದಕ್ಕೆ ಊರೆಲ್ಲ ನಕ್ಕಿತು, ಪಾಪ, ಊಟ ಹಾಕಿ ಕಳಿಸಿದೆವು. ಯಾರು ಬಿಗಿದರು ಎಂಬುದು ಮರೆತುಹೋಗಬಾರದಲ್ಲ, ಅದಕ್ಕೆ ಬಿಗಿದ ಮೇಲೆ ನಟ್ಟಿನ ತಲೆಗೆ ನಮ್ಮ ನಮ್ಮ ಬಣ್ಣದ ಒಂದು ಚುಕ್ಕಿ ಇಡುತ್ತೇವೆ. ನನ್ನದು ಹಳದಿ. ಬೋರಲಿಂಗನದು ನೀಲಿ.

ಇನ್ನು ಸಡಿಲಿಸುವುದು. ವಯಸ್ಸಾಗಿ ಕೈ ನಡುಗಲು ಶುರುವಾದಾಗ ಮನುಷ್ಯ ಮನೆಮನೆಗೆ ಹೋಗಿ ತಾನು ಬಿಗಿದದ್ದನ್ನೆಲ್ಲ ಸಡಿಲಿಸಿ, ಬೇರೆಯವರ ಕೈಗೆ ಬಿಟ್ಟುಬರಬೇಕು. ಹೋದ ಮನೆಯಲ್ಲಿ ಕಾಫಿ ಕೊಡುತ್ತಾರೆ, ಜಾಸ್ತಿ ಮಾತಾಡುವುದಿಲ್ಲ. ಒಮ್ಮೆ ಸಡಿಲಿಸಲು ಹೊರಟವನು ಮತ್ತೆ ಏನನ್ನೂ ಬಿಗಿಯಬಾರದು.

ನಾನು ತಿಪ್ಪೇಶಿ. ಬಾಗಿಲಿಗೆ, ಕಿಟಕಿಗೆ, ಅಂಗಡಿ ಬೋರ್ಡಿಗೆ ಬಣ್ಣ ಬಳಿಯುವವನು. ಮೊದಲಿಂದ ಹೀಗಿರಲಿಲ್ಲ. ಕೆರೆ ಏರಿಯ ಬುಡದಲ್ಲಿ ನಾನೂ ಬೋರಲಿಂಗನೂ ಸೇರಿ ರಿಪೇರಿ ಶೆಡ್ಡು ಇಟ್ಟಿದ್ದೆವು. ಊರಿನ ಅರ್ಧ ನಟ್ಟುಗಳ ಮೇಲೆ ಹಳದಿ, ಇನ್ನರ್ಧದ ಮೇಲೆ ನೀಲಿ. ಇಬ್ಬರೂ ಸೇರಿ ಒಂದು ಪುಟ್ಟ ತೋಟದ ಟ್ರ್ಯಾಕ್ಟರ್ ತಂದೆವು. ಎಮ್ಮೆ ಕರುವಿನಷ್ಟೆತ್ತರ, ಒಂದೇ ಸಿಲಿಂಡರು, ಆಸನ ಕಬ್ಬಿಣದ ತಟ್ಟೆಯಂಥದ್ದು. ಅದನ್ನು ಪೂರ್ತಿ ಬಿಚ್ಚಿ ನಮ್ಮ ಕೈಯಿಂದಲೇ ಮತ್ತೆ ಜೋಡಿಸಿದ್ದೆವು. ಚೆಂಡುಹೂವಿನ ಸಾಲುಗಳ ನಡುವೆ ಒಂದು ಗಿಡಕ್ಕೂ ತಾಗದೆ ಹೋಗುತ್ತಿತ್ತು. ನಮ್ಮಿಬ್ಬರಿಗೂ ಅದರ ಮೇಲೆ ಎಷ್ಟು ಮೋಹವೆಂದರೆ ಚೆನ್ನಾಜಿ ಅದನ್ನು ಸವತಿ ಎಂದೇ ಕರೆಯುತ್ತಿದ್ದಳು.

ಹದಿನೇಳು ವರ್ಷದ ಹಿಂದೆ, ಆಷಾಢದ ಗಾಳಿ ಬೀಸುತ್ತಿದ್ದ ಒಂದು ದಿನ, ಅದರ ಮುಂದಿನ ಚಕ್ರಗಳಿಗೆ ಗ್ರೀಸು ತುಂಬಿ, ಸವೆದ ಹಳೆಯ ನಟ್ಟುಗಳ ಬದಲಿಗೆ ಹೊಸ ನಟ್ಟು ತಂದಿಟ್ಟೆವು. ಆ ಚಕ್ರ ನಿಲ್ಲುವುದು ಒಂದೇ ನಟ್ಟಿನ ಮೇಲೆ. ನಟ್ಟಿನ ಮೇಲೆ ಮಣ್ಣು ಹೋಗದಂತೆ, ಚಕ್ರಕ್ಕೇ ಬಿಗಿಯುವ ತಿರುಪಿನ ಒಂದು ಕ್ಯಾಪು. ಮಧ್ಯಾಹ್ನ ಉಂಡು ಬಂದು ಬೋರಲಿಂಗ ಟ್ರ್ಯಾಕ್ಟರ್ ಹತ್ತಿ ಏರಿಯ ಮೇಲೆ ಹೊರಟ. ಇಳಿಜಾರಿನಲ್ಲಿ ಎಡಗಡೆಯ ಮುಂದಿನ ಚಕ್ರ ಕಳಚಿಕೊಂಡು, ಕ್ಯಾಪಿನ ಸಮೇತ ಉರುಳಿ ಕೆರೆಗೆ ಬಿತ್ತು. ಟ್ರ್ಯಾಕ್ಟರ್ ಮಗುಚಿ ಅವನ ಬಲಗಾಲು ಮಡ್‌ಗಾರ್ಡಿನ ಅಡಿಗೆ ಸಿಕ್ಕಿತು. ನಾನು ಓಡಿಹೋಗಿ, ಎತ್ತಿ, ಬೆನ್ನ ಮೇಲೆ ಹೊತ್ತುಕೊಂಡು ವೈದ್ಯರ ಮನೆಯ ಕಡೆ ಓಡಿದೆ. ಅರ್ಧ ದಾರಿಯಲ್ಲಿ ಅವನು ನನ್ನ ಕಿವಿಯಲ್ಲಿ ಕೇಳಿದ: "ಯಾಕೋ ತಿಪ್ಪೇಶಿ, ಯಾಕೋ ಬಿಚ್ಚಿದೆ?"

ನನಗೆ ಮೈಯೆಲ್ಲ ಉರಿದುಹೋಯಿತು. ಹೊತ್ತುಕೊಂಡೇ ಜಗಳ ಆಡಿದೆ. ನಾನು ಆ ನಟ್ಟು ಬಿಗಿದೇ ಇರಲಿಲ್ಲ, ಕ್ಯಾಪೂ ಮುಚ್ಚಿರಲಿಲ್ಲ. ಬೋರಲಿಂಗ ಹೇಳಿದ್ದು, ತಾನು ಉಂಡು ಬಂದಾಗ ಕ್ಯಾಪು ಮುಚ್ಚಿತ್ತು, ಆದ್ದರಿಂದ ಬಿಗಿದವನು ತಿಪ್ಪೇಶಿಯೇ. ಕ್ಯಾಪು ಮುಚ್ಚಿದ್ದರೆ ಒಳಗೆ ನಟ್ಟು ಬಿಗಿದಿದೆ ಎಂದೇ ನಮ್ಮಲ್ಲಿ ಲೆಕ್ಕ. ಬಿಗಿದ ನಟ್ಟು ತಾನಾಗಿ ಬೀಳುವುದಿಲ್ಲ. ಬಿತ್ತು ಎಂದರೆ ಬಿಗಿದವನೇ ಬಿಚ್ಚಿದ್ದಾನೆ. ಬಿಚ್ಚಿದ್ದಾನೆ ಎಂದರೆ ಸಾಯಲಿ ಎಂದೇ ಬಿಚ್ಚಿದ್ದಾನೆ. ಹಾಗಾಗಿ ನಮ್ಮಿಬ್ಬರಲ್ಲಿ ಒಬ್ಬ ಸುಳ್ಳುಗಾರ, ಮತ್ತು ಸುಳ್ಳು ಹೇಳುವವನೇ ಕೆಟ್ಟ ಕೆಲಸ ಮಾಡಿದವನು. ಕೆರೆಯಲ್ಲಿ ಮುಳುಗಿ ಹುಡುಕಿಸಿದರು, ಚಕ್ರ ಸಿಗಲಿಲ್ಲ. ಶೆಡ್ಡು ನನಗೆ ಬರಬೇಕೆಂದು ಬಿಚ್ಚಿರಬೇಕು ಎಂದು ಕೆಲವರು ನನ್ನ ಬಗ್ಗೆ ಆಡಿಕೊಂಡರು. ನನ್ನ ಮೇಲೆ ಗೂಬೆ ಕೂರಿಸಲು ಅವನೇ ಬಿಚ್ಚಿಕೊಂಡ, ಇಷ್ಟು ಜೋರಾಗಿ ಬೀಳುತ್ತೇನೆಂದು ಗೊತ್ತಿರಲಿಲ್ಲ ಅಷ್ಟೆ ಎಂದು ನಾನು ಹೇಳಿದೆ. ಸಂತೆಯಲ್ಲಿ ಹೇಳಿದೆ, ಮದುವೆಮನೆಗಳಲ್ಲಿ ಹೇಳಿದೆ, ಕೇಳಿದವರಿಗೂ ಕೇಳದವರಿಗೂ ಹದಿನೇಳು ವರ್ಷ ಹೇಳಿದೆ.

ಊರು ಕಾಲು ಮುರಿದವನ ಕಡೆಗೇ ವಾಲಿತು. ಅವನಿಗೆ ಕೆಲಸ ಹೆಚ್ಚಾಯಿತು, ನನ್ನ ಕೈಗೆ ಯಾರೂ ಒಂದು ಸ್ಕ್ರೂ ಕೂಡ ಕೊಡಲಿಲ್ಲ. ನನ್ನ ಹಳದಿ ಚುಕ್ಕಿಗಳಲ್ಲಿ ಹೆಚ್ಚಿನವನ್ನು ನನ್ನಿಂದಲೇ ಬಿಚ್ಚಿಸಿ ಅವನಿಂದ ಬಿಗಿಸಿಕೊಂಡರು. ಬಣ್ಣಕ್ಕೆ ತಿರುಪು ಇಲ್ಲವಲ್ಲ, ಹಾಗೆ ಕುಂಚ ಹಿಡಿದೆ. ಟ್ರ್ಯಾಕ್ಟರನ್ನು ಕಣ್ಣಲ್ಲಿ ನೋಡಲಾರೆ ಎಂದು ಬೋರಲಿಂಗ ಹೇಳಿದ್ದಕ್ಕೆ ಅದನ್ನು ಎಳೆದು ತಂದು ನನ್ನ ಹಿತ್ತಲಿನ ಹೊಂಗೆ ಮರದಡಿ ಬಿಟ್ಟುಹೋದರು. ಮೂರು ಚಕ್ರದ ಮೇಲೆ, ಒಂದು ಕಡೆ ಕಲ್ಲು ಒಟ್ಟಿಸಿಕೊಂಡು, ಅದು ಅಲ್ಲೇ ತುಕ್ಕು ಹಿಡಿಯಿತು.

ಬೋರಲಿಂಗನ ಮಗಳು ಪುಟ್ಟಗೌರಿ ಬಂದದ್ದು ಕಾರ್ತಿಕದಲ್ಲಿ. ಚಿಕ್ಕವಳಿದ್ದಾಗ ನನ್ನ ಹೆಗಲ ಮೇಲೆ ಕೂತೇ ಊರು ಸುತ್ತಿದವಳು; ಆಮೇಲೆ ಎದುರು ಸಿಕ್ಕರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದಳು. ಹಿತ್ತಲ ಬಾಗಿಲಲ್ಲಿ ನಿಂತು "ಚಿಕ್ಕಪ್ಪಾ" ಎಂದಳು. ಆ ಮಾತು ಕೇಳಿ ಕುಂಚ ನೆಲಕ್ಕೆ ಬಿತ್ತು, ನಾನು ಕೆಮ್ಮಿದ ಹಾಗೆ ಮಾಡಿದೆ.

"ಅಪ್ಪಯ್ಯಂದು ಊರೆಲ್ಲ ಮುಗೀತು ಚಿಕ್ಕಪ್ಪ. ಇನ್ನು ಉಳಿದಿರೋದು ನಿಮ್ಮ ಹಿತ್ತಲಿನ ಟ್ರ್ಯಾಕ್ಟರ್ ಒಂದೇ."

"ಉಳೀಲಿ. ತುಕ್ಕು ತಿಂದು ತಾನೇ ಉದುರುತ್ತೆ."

"ಅದು ಬಿಚ್ಚದೆ ಅವರಿಗೆ ನಿದ್ದೆ ಬರ್ತಿಲ್ಲ. ಅನ್ನ ಸೇರ್ತಿಲ್ಲ. ಯುಗಾದಿ ದಾಟೋದು ಕಷ್ಟ ಅಂದಿದ್ದಾರೆ ವೈದ್ಯರು." ಅವಳು ಬಿದ್ದ ಕುಂಚ ಎತ್ತಿ ನನ್ನ ಕೈಗೆ ಕೊಟ್ಟಳು. "ನೀವೇನೂ ಮಾತಾಡ್ಬೇಡಿ. ಅವರೂ ಮಾತಾಡಲ್ಲ ಅಂದಿದ್ದಾರೆ. ಬಂದು ಬಿಚ್ಚಿ ಹೋಗ್ತಾರೆ, ಅಷ್ಟೇ."

ನಾನು ಬಾಯಿ ತೆರೆಯುವ ಮೊದಲೇ ಒಳಗಿಂದ ಚೆನ್ನಾಜಿ ಕೂಗಿದಳು: "ನಾಳೆನೇ ಬರ್ಲಿ ಅನ್ನು ಕಣವ್ವಾ. ಹಿತ್ತಿಲು ನಂದೂ ಹೌದು."

ಮಾರನೆಯ ಬೆಳಿಗ್ಗೆ ಬೋರಲಿಂಗ ಬಂದ. ನನಗೆ ನೆನಪಿದ್ದ ಮನುಷ್ಯನ ಅರ್ಧ ಮಾತ್ರ ಬಂದಿದ್ದ. ಕೋಲೂರಿಕೊಂಡು, ಬಲಗಾಲು ಎಳೆದುಕೊಂಡು ಬಂದು, ಬೋರಲು ಹಾಕಿದ ಬುಟ್ಟಿಯ ಮೇಲೆ ಕೂತು ಚೀಲದಿಂದ ಸ್ಪ್ಯಾನರ್ ತೆಗೆದ. ಕೈ ಗಡಗಡ ನಡುಗುತ್ತಿತ್ತು. ಆದರೆ ಸ್ಪ್ಯಾನರ್ ನಟ್ಟಿನ ಮೇಲೆ ಕೂತ ಕೂಡಲೇ ನಡುಕ ನಿಂತುಹೋಯಿತು. ಅದನ್ನು ನೋಡಿ ನನಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ.

ತೊಂದರೆ ಏನೆಂದರೆ ತುಕ್ಕು ಚುಕ್ಕಿಗಳನ್ನೆಲ್ಲ ತಿಂದುಹಾಕಿತ್ತು. ಯಾವುದು ಹಳದಿ, ಯಾವುದು ನೀಲಿ ಒಂದೂ ತಿಳಿಯದು. ಅವನು ಒಂದು ನಟ್ಟು ಹಿಡಿದು ನೋಡುವನು, ಬರದಿದ್ದರೆ ಸ್ಪ್ಯಾನರನ್ನು ನೆಲದ ಮೇಲಿಟ್ಟು ಪಕ್ಕಕ್ಕೆ ಸರಿಯುವನು. ನಾನು ಅದನ್ನು ಎತ್ತಿಕೊಂಡು ತಿರುಗಿಸುವೆನು. ಕೈಯಿಂದ ಕೈಗೆ ಮಾತ್ರ ಕೊಡುತ್ತಿರಲಿಲ್ಲ. ಹೀಗೆ ಮೂರು ದಿನ ಕಳೆಯಿತು. ಬಾನೆಟ್ಟು ಬಂತು, ಪೆಟ್ರೋಲ್ ಟ್ಯಾಂಕು ಬಂತು, ಆಸನದ ಅಡಿಯಿಂದ ಇಲಿಯ ಸಂಸಾರ ಒಂದು ಹೊರಗೆ ಬಂತು. ಮೂರನೆಯ ದಿನ ಬಿಡಿಭಾಗಗಳನ್ನೆಲ್ಲ ಗೋಣಿತಾಟಿನ ಮೇಲೆ ಹರಡಿಕೊಂಡು ನೋಡಿದಾಗ ನನ್ನ ಕೈ ಸುಮ್ಮನಿರಲಿಲ್ಲ. ಬಿಚ್ಚಿದ್ದಂತೂ ಆಯಿತು, ತೊಳೆದರೆ ಏನು ಹೋಯಿತು ಎಂದುಕೊಂಡು ಒಂದು ಬಾಣಲೆಗೆ ಸೀಮೆಎಣ್ಣೆ ಸುರಿದೆ.

ಬೋರಲಿಂಗ ಮನೆಗೆ ಹೋಗಲು ಎದ್ದವನು ಮತ್ತೆ ಕೂತ. ನನ್ನನ್ನು ನೋಡದೆ ಎಂಜಿನ್ನಿನ ಕಡೆ ತಿರುಗಿ ಮೊದಲ ಸಲ ಬಾಯಿಬಿಟ್ಟ: "ಟ್ರ್ಯಾಕ್ಟರೇ, ನಿನ್ನ ಪಿಸ್ಟನ್ ಕಚ್ಕೊಂಡಿದೆ. ಡೀಸೆಲ್ ಹುಯ್ದು ಒಂದು ವಾರ ಬಿಡೋಕೆ ಹೇಳು."

ನಾನೇನು ಕಡಿಮೆಯೇ? "ಟ್ರ್ಯಾಕ್ಟರೇ, ಅದು ನಂಗೂ ಗೊತ್ತು ಅಂತ ಹೇಳು" ಎಂದೆ.

ಆಮೇಲೆ ಒಂದೂವರೆ ತಿಂಗಳು ನಮ್ಮ ಮಾತೆಲ್ಲ ಟ್ರ್ಯಾಕ್ಟರಿನ ಮೂಲಕವೇ ನಡೆಯಿತು. ಅವನು ಬೆಳಿಗ್ಗೆ ಬಂದು ಊಟದ ಹೊತ್ತಿಗೆ ಹೋಗುವನು. ತಂತಿ ಬ್ರಷ್ಷಿನಿಂದ ಉಜ್ಜಿ, ಎಮರಿ ಕಾಗದ ಹಿಡಿದು ತಿಕ್ಕಿ ತಿಕ್ಕಿ ನನ್ನ ಬೆರಳುಗಳ ಚರ್ಮ ಸುಲಿಯಿತು. ಅವನು ಕೂತಲ್ಲೇ ಕಾರ್ಬುರೇಟರಿನ ಸಣ್ಣ ತೂತುಗಳನ್ನು ಸೂಜಿಯಿಂದ ಬಿಡಿಸುವನು. ಟ್ಯಾಂಕಿನೊಳಗೆ ಒಂದು ಬೊಗಸೆ ಗರುಸು ಮತ್ತು ಹುಣಿಸೆನೀರು ಹಾಕಿ ಅಲ್ಲಾಡಿಸಿದಾಗ ಕೆಂಪು ಕೆಸರು ಸುರಿದದ್ದನ್ನು ಕಂಡು ಇಬ್ಬರೂ ಒಟ್ಟಿಗೇ "ಅಬ್ಬಬ್ಬಾ" ಎಂದೆವು, ಆಮೇಲೆ ಇಬ್ಬರಿಗೂ ನಾಚಿಕೆಯಾಗಿ ಸುಮ್ಮನಾದೆವು. ಎಂಟನೆಯ ದಿನ ಪಿಸ್ಟನ್ ಅಲ್ಲಾಡಿತು. ತಗಡಿನ ತೂತುಗಳಿಗೆ ಪುಟ್ಟಿ ತುಂಬಿ, ಸಮ ಮಾಡಿ, ರೆಡ್ ಆಕ್ಸೈಡ್ ಬಳಿದೆ. ಬಣ್ಣ ಯಾವುದು ಎಂಬಲ್ಲಿಗೆ ಬಂದಾಗ ಹಳೆಯ ಬೋರಲಿಂಗ ಪೂರ್ತಿ ಹೊರಗೆ ಬಂದ.

"ಟ್ರ್ಯಾಕ್ಟರೇ, ಕೆಂಪು ಬಳಿಸ್ಕೊಂಡ್ರೆ ಊರ ಹೋರಿಗಳೆಲ್ಲ ಅಟ್ಟಿಸ್ಕೊಂಡು ಬರ್ತವೆ. ಹಸಿರೇ ವಾಸಿ."

"ಟ್ರ್ಯಾಕ್ಟರೇ, ಹಸಿರು ಬಳಿದ್ರೆ ತೋಟದೊಳಗೆ ನೀನೆಲ್ಲಿದ್ದೀಯ ಅಂತ ಹುಡುಕ್ಬೇಕಾಗುತ್ತೆ. ಹುಟ್ಟಿದಾಗ ನೀನು ಕೆಂಪಗೇ ಇದ್ದೆ, ಕೆರೆದಾಗ ಕಂಡಿದ್ದೀನಿ."

ಕಾಫಿ ತಂದ ಚೆನ್ನಾಜಿ ಲೋಟಗಳನ್ನು ಕುಕ್ಕಿ ಇಟ್ಟಳು. "ಟ್ರ್ಯಾಕ್ಟರೇ, ಮೊದ್ಲು ಇವರಿಬ್ಬರ ತಲೆ ಒಳಗಿನ ತುಕ್ಕು ಕೆರೆಯೋಕೆ ಏನಾದ್ರೂ ಸಿಗುತ್ತಾ ನೋಡವ್ವಾ."

ಕೆಂಪೇ ಆಯಿತು. ಮೂರು ಕೋಟು ಬಳಿದೆ, ಪ್ರತಿ ಕೋಟಿನ ನಡುವೆ ನೀರು ಹಾಕಿ ಎಮರಿ ತಿಕ್ಕಿದೆ. ಬೋರಲಿಂಗ ಬಿಗಿಯುವ ಹಾಗಿಲ್ಲವಾದ್ದರಿಂದ ಜೋಡಿಸುವ ಕೆಲಸವೆಲ್ಲ ನನ್ನದು. ಹದಿನೇಳು ವರ್ಷದ ಮೇಲೆ ಒಂದು ನಟ್ಟು ಬಿಗಿದು, ಅದರ ತಲೆಗೆ ಹಳದಿ ಚುಕ್ಕಿ ಇಟ್ಟಾಗ ನನ್ನ ಕಣ್ಣು ಮಂಜಾಯಿತು; ಥಿನ್ನರಿನ ಘಾಟು ಎಂದು ಹೇಳಿಕೊಂಡೆ. ಬೇಲಿಯ ಆಚೆ ಜನ ನಿಂತು ನೋಡತೊಡಗಿದರು. ಬೋರಲಿಂಗ ಊರೆಲ್ಲ ಸಡಿಲಿಸಿಟ್ಟಿದ್ದನಲ್ಲ, ಮತ್ತೆ ಬಿಗಿಯಲು ಯಾರಾದರೂ ಬೇಕಿತ್ತು. ಒಂದು ದಿನ ಹಿಟ್ಟಿನ ಗಿರಣಿಯವನು ಬೇಲಿಯ ಮೇಲೆ ಬಾಗಿ, "ತಿಪ್ಪೇಶಣ್ಣ, ಬಿಡುವಾದಾಗ ಒಂದ್ಸಲ ಗಿರಣಿ ಕಡೆ ಬರ್ತೀಯಾ?" ಎಂದ. ಆಗಲಿ ನೋಡೋಣ ಎಂದು ಬಿಗುಮಾನ ತೋರಿಸಿದೆನಾದರೂ ಆ ರಾತ್ರಿ ಎರಡು ಮುದ್ದೆ ಹೆಚ್ಚಿಗೆ ಉಂಡೆ.

ಉಳಿದದ್ದು ಎಡಗಡೆಯ ಮುಂದಿನ ಚಕ್ರ. ಆ ಅಳತೆಯದು ಎಲ್ಲೂ ಸಿಗಲಿಲ್ಲ. ಸಂತೆಯಲ್ಲಿ ಹೇಳಿಸಿದೆವು. ನಾಲ್ಕು ದಿನದ ಮೇಲೆ, ಬೋರಲಿಂಗ ಊಟಕ್ಕೆ ಹೋದ ಹೊತ್ತಿನಲ್ಲಿ, ಕೆರೆಯ ಆಚೆ ದಡದ ಹನುಮಕ್ಕ ತಲೆಯ ಮೇಲೆ ಸಿಂಬಿ ಇಟ್ಟು, ಅದರ ಮೇಲೆ ಒಂದು ಚಕ್ರ ಹೊತ್ತುಕೊಂಡು ಬಂದಳು. ನೋಡಿದ ಕೂಡಲೇ ಗುರುತು ಸಿಕ್ಕಿತು. ಅದೇ ಚಕ್ರ. ಮೇಲೆ ಅದೇ ಕ್ಯಾಪು, ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು.

"ಕೆರೆ ಬತ್ತಿದ ವರ್ಷ ನಮ್ಮೆಮ್ಮೆ ಕಾಲಿಗೆ ಸಿಕ್ತು," ಎಂದಳು ಹನುಮಕ್ಕ. "ಕೋಳಿಗೂಡಿನ ಬಾಗಿಲಿಗೆ ಭಾರಕ್ಕೆ ಇಟ್ಕೊಂಡಿದ್ದೆ. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಆ ಮುಚ್ಚಳ ಮಾತ್ರ ನಮ್ಮನೇರೆಲ್ಲ ತಿರುಗಿಸಿ ನೋಡಿದ್ವಿ, ಜಪ್ಪಯ್ಯ ಅಂದ್ರೂ ಅಲ್ಲಾಡ್ಲಿಲ್ಲ."

ನನಗೆ ಕುಣಿಯುವಂತಾಯಿತು. ಕ್ಯಾಪು ಮುಚ್ಚಿದ ಕೈಯೇ ಕ್ಯಾಪು ಬಿಚ್ಚಬೇಕು. ನಾಳೆ ಬೋರಲಿಂಗ ಊರಿನ ಎದುರು ಅದನ್ನು ತಿರುಗಿಸಲಿ; ತಿರುಗಿತೋ, ಹದಿನೇಳು ವರ್ಷದ ಕಳಂಕ ಒಂದೇ ಏಟಿಗೆ ಹೋಯಿತು. ಸಾಯುವ ಮನುಷ್ಯ ಎಂಬ ಕನಿಕರ ಆ ಗಳಿಗೆಯಲ್ಲಿ ನನಗೆ ಬರಲಿಲ್ಲ, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. "ಹನುಮಕ್ಕ, ಹೋಗ್ತಾ ದಾರೀಲಿ ಎಲ್ರಿಗೂ ಹೇಳಿ ಹೋಗು. ನಾಳೆ ಹತ್ತು ಗಂಟೆಗೆ ಎಲ್ಲ ನನ್ನ ಹಿತ್ತಿಲಿಗೆ ಬರ್ಲಿ. ಕ್ಯಾಪು ಯಾರ ಕೈಗೆ ಬರುತ್ತೆ ನೋಡೋಣ" ಎಂದೆ. ಆಕೆ ಸಡಗರದಿಂದ ಹೋದಳು.

ಚೆನ್ನಾಜಿ ಬಾಗಿಲಲ್ಲಿ ನಿಂತಿದ್ದಳು. "ಅಷ್ಟು ಖಾತ್ರಿನಾ ನಿಮಗೆ?" ಎಂದಳು.

"ಖಾತ್ರಿನಾ ಅಂದ್ರೆ? ಬಾ ಇಲ್ಲಿ, ನೋಡು," ಎಂದು ಚಕ್ರವನ್ನು ಮೊಣಕಾಲ ನಡುವೆ ಇಟ್ಟುಕೊಂಡು, ಅಲ್ಲಾಡುವುದಿಲ್ಲ ಎಂದು ತೋರಿಸಲು ಕ್ಯಾಪಿನ ಮೇಲೆ ಕೈಯಿಟ್ಟು ತಿರುಗಿಸಿದೆ.

ಕ್ಯಾಪು ತಿರುಗಿತು. ತುಕ್ಕಿನ ಒಂದು ಕಿರುಗುಟ್ಟುವ ಸದ್ದು, ಆಮೇಲೆ ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗಿ ನನ್ನ ಅಂಗೈಗೆ ಬಂತು. ಒಳಗೆ ಕಪ್ಪಗೆ ಗಟ್ಟಿಯಾದ ಗ್ರೀಸು, ಗ್ರೀಸಿನಲ್ಲಿ ನಟ್ಟು. ಸೀಮೆಎಣ್ಣೆಯಲ್ಲಿ ಅದ್ದಿ ಒರೆಸಿದೆ. ಗ್ರೀಸಿನೊಳಗೆ ಇದ್ದದ್ದರಿಂದ ತುಕ್ಕೇ ಹಿಡಿದಿರಲಿಲ್ಲ, ಹೊಸದರ ಹಾಗೆ ಹೊಳೆಯಿತು. ತಿರುಗಿಸಿ ತಿರುಗಿಸಿ ನೋಡಿದೆ. ಹಳದಿ ಚುಕ್ಕಿ ಇಲ್ಲ. ನೀಲಿ ಚುಕ್ಕಿಯೂ ಇಲ್ಲ. ಸ್ಪ್ಯಾನರ್ ಕೂತ ಒಂದು ಗೀರೂ ಇಲ್ಲ.

ಆಗ ಆ ಮಧ್ಯಾಹ್ನ ನೆನಪಾಯಿತು. ನಟ್ಟನ್ನು ಬೆರಳಿನಲ್ಲಿ ನಾಲ್ಕು ಸುತ್ತು ತಿರುಗಿಸಿ ಸಡಿಲವಾಗಿ ಕೂರಿಸಿದ್ದೆ. ಚೆನ್ನಾಜಿ ಊಟಕ್ಕೆ ಕರೆದಳು. ಗಾಳಿ ಬೀಸುತ್ತಿತ್ತು, ಹೊಸ ಗ್ರೀಸಿಗೆ ಮಣ್ಣು ಬೀಳುತ್ತದೆ ಎಂದು ಕ್ಯಾಪನ್ನು ಮಾತ್ರ ಕೈಯಲ್ಲೇ ಬಿಗಿಯಾಗಿ ತಿರುಗಿಸಿ ಮುಚ್ಚಿದೆ. ಉಂಡು ಬಂದು ಬಿಚ್ಚಿ ಬಿಗಿದರಾಯಿತು ಎಂದುಕೊಂಡಿದ್ದೆ. ಉಂಡ ಮೇಲೆ ಸ್ವಲ್ಪ ಹೊತ್ತು ಮಲಗಿದೆ. ಅಷ್ಟೇ. ಅಷ್ಟರಲ್ಲಿ ಬೋರಲಿಂಗ ಬಂದು, ಮುಚ್ಚಿದ ಕ್ಯಾಪನ್ನು ನೋಡಿ, ನಂಬಿ, ಹತ್ತಿ ಹೊರಟಿದ್ದ. ಹದಿನೇಳು ವರ್ಷ ಈ ನೆನಪು ಎಲ್ಲಿಗೆ ಹೋಗಿತ್ತೋ ನನಗೆ ತಿಳಿಯದು. ನಾನು ಕ್ಯಾಪು ಮುಚ್ಚಿಲ್ಲ ಎಂದು ಆಣೆ ಮಾಡಿ ಹೇಳಿದ್ದು ಸುಳ್ಳೆಂದು ನನಗೇ ಗೊತ್ತಿರಲಿಲ್ಲ.

ಚೆನ್ನಾಜಿ ಎಲ್ಲವನ್ನೂ ನೋಡಿದಳು. "ಮತ್ತೆ ಮುಚ್ಚಿಬಿಡಿ," ಎಂದಳು ಮೆಲ್ಲಗೆ. "ಕೆರೆಗೆ ಎಸೀರಿ. ಹನುಮಕ್ಕ ಬೇರೆ ಯಾವ್ದೋ ಚಕ್ರ ತಂದಿದ್ಲು ಅಂದ್ರಾಯ್ತು." ಆಮೇಲೆ ಅವಳೇ, "ಬೇಡ. ನಾನು ಹಂಗನ್ನಬಾರ್ದಾಗಿತ್ತು" ಎಂದು ಒಳಗೆ ಹೋದಳು.

ಎಸೆಯಬೇಕೆಂದು ನನಗೆ ಅನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಚಕ್ರವನ್ನು ಹೆಗಲಿಗೆ ಹಾಕಿಕೊಂಡು ಏರಿಯವರೆಗೂ ಹೋದೆ. ಗಿರಣಿಯವನು ಎದುರು ಸಿಕ್ಕು, "ನಾಳೆ ಬರ್ತೀನಿ ತಿಪ್ಪೇಶಣ್ಣ, ನಿನ್ನ ಹೆಸರು ತೊಳೆದೋಗ್ಲಿ" ಎಂದ. ಅವನ ಮುಖ ನೋಡಲಾಗದೆ ತಿರುಗಿ ಮನೆಗೆ ಬಂದುಬಿಟ್ಟೆ. ಬಂದು ಚಕ್ರಕ್ಕೆ ತುಕ್ಕು ಉಜ್ಜಿ, ಪ್ರೈಮರ್ ಬಳಿದು, ಒಣಗಲು ಇಟ್ಟೆ. ಕೈಗೆ ಏನಾದರೂ ಕೆಲಸ ಬೇಕಿತ್ತು.

ಹತ್ತು ಗಂಟೆಗೆ ಹಿತ್ತಲು ತುಂಬಿತು. ಬೋರಲಿಂಗ ಮಗಳ ತೋಳು ಹಿಡಿದು ಬಂದ. ಅವನು ಹೆದರಿದವನ ಹಾಗೆ ಕಾಣಲಿಲ್ಲ, ದಣಿದವನ ಹಾಗೆ ಕಂಡ. ಬುಟ್ಟಿಯ ಮೇಲೆ ಕೂತು, ಟ್ರ್ಯಾಕ್ಟರಿಗಲ್ಲ, ನೇರವಾಗಿ ನನಗೇ ಹೇಳಿದ: "ಇದೆಲ್ಲ ಬೇಕಿತ್ತೇನೋ? ಬಿಚ್ಚೋದು ಮುಗೀತಲ್ಲ, ಹೋಗ್ಲಿ ಅಂತ ನಾನು ಬಿಟ್ಟಿದ್ದೆ."

ನಾನು ಅವನ ಎದುರು ಚಕ್ರ ಇಟ್ಟೆ. ಹಿಂದಿನ ದಿನ ನಾನು ಕಂಡದ್ದನ್ನು ಎಲ್ಲರೂ ಕಾಣಲಿ ಎಂದು, ನಟ್ಟನ್ನು ಒಳಗಿಟ್ಟು ಕ್ಯಾಪನ್ನು ಮತ್ತೆ ಮುಚ್ಚಿಟ್ಟಿದ್ದೆ. "ಮೊದ್ಲು ನೀನು ನೋಡು" ಎಂದೆ. ಅವನು ಎರಡೂ ಕೈಯಿಂದ ತಿರುಗಿಸಿದ. ಬರಲಿಲ್ಲ. ಜನ ಗುಸುಗುಸು ಎಂದರು. ಆಮೇಲೆ ನಾನು ಬಾಗಿ, ಎಲ್ಲರೂ ನೋಡುತ್ತಿರುವ ಹಾಗೆ, ಎರಡು ಬೆರಳಿನಿಂದ ತಿರುಗಿಸಿ ತೆಗೆದೆ.

"ಕ್ಯಾಪು ಮುಚ್ಚಿದ್ದು ನಾನು" ಎಂದೆ. "ನಟ್ಟು ಮಾತ್ರ ಯಾರೂ ಬಿಗಿದಿಲ್ಲ. ನೋಡು, ಚುಕ್ಕಿ ಇಲ್ಲ. ಬೆರಳಲ್ಲಿ ಕೂರಿಸಿ, ಮಣ್ಣು ಬೀಳದಿರ್ಲಿ ಅಂತ ಮುಚ್ಚಿ, ಉಣ್ಣೋಕೆ ಹೋಗಿ ಮರ್ತುಬಿಟ್ಟೆ. ಇವನೇ ಬಿಚ್ಕೊಂಡ ಅಂತ ಇಷ್ಟು ವರ್ಷ ನಿಮಗೆಲ್ಲ ಹೇಳಿದ್ದೆನಲ್ಲ, ಅದು ಸುಳ್ಳು. ಅವನು ಒಂದು ದಿನಾನೂ ಸುಳ್ಳು ಹೇಳ್ಲಿಲ್ಲ."

ನಟ್ಟನ್ನು ಅವನ ಅಂಗೈಯಲ್ಲಿಟ್ಟೆ. ಅವನು ಅದನ್ನು ಕಣ್ಣಿನ ಹತ್ತಿರ ತಂದು, ಆರು ಮುಖಗಳನ್ನೂ ಒಂದೊಂದಾಗಿ ನೋಡಿದ. ಬೈಯುತ್ತಾನೆ ಎಂದು ಕಾದೆ. ಕೋಲಿನಿಂದ ಹೊಡೆದಿದ್ದರೂ ತಲೆ ಬಗ್ಗಿಸಿ ನಿಲ್ಲುತ್ತಿದ್ದೆ.

"ಮರ್ತಿದ್ದಾ?" ಎಂದ.

"ಹೂಂ."

"ಬರೀ ಮರ್ತಿದ್ದಾ?"

"ಹೂಂ ಕಣೋ."

ಅವನು ನಟ್ಟನ್ನು ಮುಷ್ಟಿಯೊಳಗೆ ಹಿಡಿದುಕೊಂಡ. "ನೀನು ನನ್ನ ಸಾಯ್ಸೋಕೆ ನೋಡಿದ್ದೆ ಅಂದ್ಕೊಂಡಿದ್ದೆ ಕಣೋ ತಿಪ್ಪೇಶಿ. ನಾನು ಏನು ಮಾಡಿದ್ದೆ ನಿಂಗೆ, ಎಲ್ಲಿ ತಪ್ಪಿದೆ ಅಂತ ಹದಿನೇಳು ವರ್ಷ ಮಲಗಿದಲ್ಲೆಲ್ಲ ಯೋಚ್ನೆ ಮಾಡಿದೀನಿ. ಕಾಲು ಹೋಗಿದ್ದಕ್ಕೆ ಅಳ್ಲಿಲ್ಲ, ಇದಕ್ಕೆ ಅತ್ತಿದೀನಿ. ಬರೀ ಮರ್ತಿದ್ದೇನೋ, ಮುಠ್ಠಾಳ! ಬರೀ ಮರ್ತಿದ್ದಾ!" ಎಂದು ನಗಲು ಶುರುಮಾಡಿದ. ನಗುತ್ತ ನಗುತ್ತ ಕಣ್ಣೀರು ಸುರಿಯಿತು. ಪುಟ್ಟಗೌರಿ ಸೆರಗಿನಿಂದ ಅವನ ಮುಖ ಒರೆಸಿದಳು. ನನ್ನ ಹೆಸರಿನ ಬಗ್ಗೆಯೇ ಇಷ್ಟು ವರ್ಷ ಉರಿದುಕೊಂಡವನು ನಾನು. ಅವನ ಎದೆಯಲ್ಲಿ ಇಂಥದ್ದೊಂದು ಕೂತಿದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಅವನ ಕೆಟ್ಟ ಕಾಲಿನ ಪಕ್ಕ ನೆಲದ ಮೇಲೆ ಕೂತು ಎಲ್ಲರ ಎದುರೂ ಅತ್ತುಬಿಟ್ಟೆ. ಜನ ಒಬ್ಬೊಬ್ಬರಾಗಿ ಹೋದರು. ಗಿರಣಿಯವನೂ ಹೋದ, ಮತ್ತೆ ಗಿರಣಿಗೆ ಕರೆಯಲಿಲ್ಲ. ಅದು ನ್ಯಾಯವೇ.

ಚಕ್ರಕ್ಕೆ ಕೆಂಪು ಬಳಿದು ಒಣಗಿದ ಮೇಲೆ, ಐದನೆಯ ದಿನ, ಅದನ್ನು ಅಚ್ಚಿಗೆ ಏರಿಸಿದೆವು. ಅದೇ ನಟ್ಟು ಹಾಕಿದೆ. ಬೆರಳಿನಲ್ಲಿ ನಾಲ್ಕು ಸುತ್ತು ತಿರುಗಿಸಿ ಸ್ಪ್ಯಾನರ್ ಕೂರಿಸಿದೆ. ಬುಟ್ಟಿಯ ಮೇಲಿಂದ ಬೋರಲಿಂಗ ಎದ್ದ. ಎಳೆದುಕೊಂಡು ಬಂದು ನನ್ನ ಕೈಯ ಮೇಲೆ ತನ್ನ ಕೈಯಿಟ್ಟು ಸ್ಪ್ಯಾನರ್ ಹಿಡಿದ.

"ಲೋ, ಸಡಿಲಿಸೋಕೆ ಹೊರಟವನು ನೀನು. ಬಿಗೀಬಾರ್ದು," ಎಂದೆ. "ಅಲ್ದೆ ಇಬ್ಬರು ಬಿಗಿದ್ರೆ ಬಿಚ್ಚೋಕೂ ಇಬ್ಬರೂ ಬೇಕು. ನಾಳೆ ನೀನು..." ಅಷ್ಟಕ್ಕೇ ನಿಲ್ಲಿಸಿದೆ.

"ಗೊತ್ತು. ಬಾಯಿ ಮುಚ್ಕೊಂಡು ಎಳಿ."

ಎಳೆದೆವು. ನಟ್ಟು ಕೂತಿತು. ನಾನು ಹಳದಿ ಚುಕ್ಕಿ ಇಟ್ಟೆ, ಅವನು ಅದರ ಪಕ್ಕ ನೀಲಿ ಇಟ್ಟ. ಕೈ ನಡುಗಿ ನೀಲಿ ಸ್ವಲ್ಪ ಹಳದಿಯ ಮೇಲೂ ಹರಡಿತು. ಆಮೇಲೆ ಹಗ್ಗ ಸುತ್ತಿ ಎಳೆದಾಗ ಎಂಜಿನ್ ಎರಡು ಸಲ ಕೆಮ್ಮಿ, ಮೂರನೆಯ ಸಲಕ್ಕೆ ಹೊತ್ತಿಕೊಂಡಿತು. ಬೋರಲಿಂಗನನ್ನು ಆಸನದ ಮೇಲೆ ಕೂರಿಸಿ, ನಾನು ಪಕ್ಕದಲ್ಲಿ ನಡೆದುಕೊಂಡು, ಏರಿಯ ಇಳಿಜಾರಿನಲ್ಲಿ ಕೆಳಗಿನ ಹೂದೋಟದವರೆಗೂ ಹೋಗಿ ಬಂದೆವು.

ಅವನು ಯುಗಾದಿ ದಾಟಿದ, ಶ್ರಾವಣ ದಾಟಲಿಲ್ಲ. ಅದಾಗಿ ಆರು ವರ್ಷವಾಯಿತು. ಟ್ರ್ಯಾಕ್ಟರ್ ಈಗ ಪುಟ್ಟಗೌರಿಯ ಚೆಂಡುಹೂವಿನ ತೋಟದಲ್ಲಿದೆ. ಎಡಗಡೆಯ ಮುಂದಿನ ಟೈರು ಪಂಕ್ಚರ್ ಆದರೆ ಚಕ್ರ ಬಿಚ್ಚದೆ, ಅದು ಅಚ್ಚಿನ ಮೇಲೆ ಇರುವಾಗಲೇ ಟೈರು ಎಬ್ಬಿಸಿ ಪ್ಯಾಚು ಹಾಕುವುದನ್ನು ಅವಳಿಗೆ ಕಲಿಸಿದ್ದೇನೆ. ಹೋದ ತಿಂಗಳಿಂದ ನನ್ನ ಕೈಯೂ ನಡುಗುತ್ತಿದೆ, ಸಡಿಲಿಸಲು ಶುರುಮಾಡಿದ್ದೇನೆ. ನಾನು ಬಿಗಿದದ್ದು ಊರಿನಲ್ಲಿ ಜಾಸ್ತಿ ಇಲ್ಲ, ಒಂದು ವಾರದಲ್ಲಿ ಮುಗಿಯಿತು. ಕೊನೆಗೆ ತೋಟಕ್ಕೆ ಹೋಗಿ ಟ್ರ್ಯಾಕ್ಟರಿನ ಹಳದಿ ಚುಕ್ಕಿಗಳನ್ನೆಲ್ಲ ಸಡಿಲಿಸುತ್ತಿದ್ದಂತೆ ಪುಟ್ಟಗೌರಿ ಹಿಂದೆಯೇ ಒಂದೊಂದಾಗಿ ತಾನು ಬಿಗಿದುಕೊಂಡು, ಹಸಿರು ಚುಕ್ಕಿ ಇಡುತ್ತ ಬಂದಳು. ಎಡಗಡೆಯ ಮುಂದಿನ ಚಕ್ರದ ಹತ್ತಿರ ಬಂದಾಗ ಅಭ್ಯಾಸದಿಂದ ನನಗೆ ಸ್ಪ್ಯಾನರ್ ಕೊಟ್ಟಳು.

"ಇದು ಬೇಡ ಕಣಮ್ಮ, ನಿಮ್ಮಪ್ಪ ಬರ್ಬೇಕು ಇದಕ್ಕೆ" ಎಂದು ಸ್ಪ್ಯಾನರನ್ನು ಅವಳ ಕೈಗೇ ವಾಪಸು ಕೊಟ್ಟು, ಕಾಫಿ ಕುಡಿಯಲು ಕೂತೆ.